ಪಾಠ ಉಚಿತ, ಪದವಿ ಬೇರೆ: ಆನ್‌ಲೈನ್ ಕೋರ್ಸ್‌ಗೆ ಸೇರುವ ಮುನ್ನ ತಿಳಿದಿರಬೇಕಾದದ್ದು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಕೊಡಗಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಮುಂದೇನು? ಮೈಸೂರಿಗೆ ಕಳಿಸೋದಾ, ಮಂಗಳೂರಿಗಾ, ಇಲ್ಲೇ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಸೇರಿಸೋದಾ? ಹಾಸ್ಟೆಲ್ ಖರ್ಚು ಎಷ್ಟಾಗಬಹುದು? ಹೋದ ವರ್ಷ ಅದೇ ಹೊತ್ತಿಗೆ ನಮ್ಮ ಪಕ್ಕದ ಮನೆಯವರು ಫೋನ್ ಹಿಡಿದುಕೊಂಡು ಬಂದರು. "ಅಕ್ಕಾ, ಇದೊಂದು ಸ್ವಲ್ಪ ನೋಡಿ. ಐಐಟಿ ಕೋರ್ಸ್ ಫ್ರೀ ಅಂತೆ, ಮನೆಯಲ್ಲೇ ಕೂತು ಓದಬಹುದಂತೆ. ಹಾಗಾದ್ರೆ ಮಗಳನ್ನ ಹಾಸ್ಟೆಲಿಗೆ ಕಳಿಸೋದು ಬೇಡ, ಅಲ್ವಾ?"

ಅವರ ಫೋನಿಗೆ ಬಂದಿದ್ದ ಸಂದೇಶ ಸುಳ್ಳಾಗಿರಲಿಲ್ಲ. ಐಐಟಿ ಮೇಷ್ಟ್ರುಗಳ ಪಾಠ ನಿಜವಾಗಿಯೂ ಉಚಿತವಾಗಿ ಸಿಗುತ್ತದೆ. ಆದರೆ ಅದರಿಂದ ಅವರು ಮಾಡಿಕೊಂಡ ಅರ್ಥ ಮಾತ್ರ ಸರಿ ಇರಲಿಲ್ಲ. ಈ ಎರಡರ ನಡುವಿನ ಅಂತರ ಗೊತ್ತಿಲ್ಲದಿದ್ದರೆ ಒಂದು ಮಗುವಿನ ಒಂದು ವರ್ಷವೇ ಹೋಗಿಬಿಡಬಹುದು.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. 2025ರ ಆರಂಭದಲ್ಲೇ ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆ ಸರ್ಕಾರದ ಮಟ್ಟದಲ್ಲಿ ಎದ್ದಿತು. ಆ ಪಟ್ಟಿಯಲ್ಲಿ ಕೊಡಗಿನದೂ ಇತ್ತು. ಆಗೆಲ್ಲ ಯಾರಾದರೊಬ್ಬರು "ಹೇಗೂ ಆನ್‌ಲೈನ್ ಇದೆಯಲ್ಲ" ಅನ್ನುವುದನ್ನು ಕೇಳಿದ್ದೇನೆ. ಇದೆ, ನಿಜ. ಆದರೆ ಇರುವುದು ಏನು ಅನ್ನುವುದನ್ನು ಬುಡದಿಂದಲೇ ನೋಡಬೇಕು.

ಜೀಪ್ ಕಲಿಯುವುದೂ ಲೈಸೆನ್ಸ್ ಪಡೆಯುವುದೂ

ನಮ್ಮ ಕಡೆ ಹುಡುಗರು ವಾಹನ ಓಡಿಸಲು ಕಲಿಯುವುದು ಹೇಗೆ? ತೋಟದೊಳಗಿನ ಮಣ್ಣು ರಸ್ತೆಯಲ್ಲಿ, ಮಾವನೋ ಚಿಕ್ಕಪ್ಪನೋ ಪಕ್ಕದಲ್ಲಿ ಕೂತು ಕಲಿಸುತ್ತಾರೆ. ಅದಕ್ಕೆ ದುಡ್ಡಿಲ್ಲ. ಚೆನ್ನಾಗಿಯೇ ಕಲಿಯುತ್ತಾರೆ ಕೂಡ. ಆದರೆ ಕಲಿತಿದ್ದಾನೆ ಅಂತ ಪೊಲೀಸರು ಒಪ್ಪುವುದಿಲ್ಲ. ಆರ್‌ಟಿಒ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಅವರ ಕಣ್ಣೆದುರು ಓಡಿಸಿ ತೋರಿಸಿದರೆ ಮಾತ್ರ ಲೈಸೆನ್ಸ್. ಆಮೇಲೆ ಚಾಲಕನ ಕೆಲಸ ಸಿಗುವುದು ಮೂರನೆಯ ಮಾತು.

ಆನ್‌ಲೈನ್ ಕೋರ್ಸಿನಲ್ಲೂ ಹೀಗೆಯೇ ಮೂರು ಹಂತ ಇವೆ. ಮೊದಲನೆಯದು ಪಾಠ, ಅಂದರೆ ವಿಡಿಯೊ, ಟಿಪ್ಪಣಿ, ಅಭ್ಯಾಸದ ಪ್ರಶ್ನೆ. ಉಚಿತ ಅನ್ನುವ ಮಾತು ಹೆಚ್ಚಾಗಿ ಇದಕ್ಕೆ ಮಾತ್ರ ಅನ್ವಯ. ಎರಡನೆಯದು ಪರೀಕ್ಷೆ ಮತ್ತು ಅದರಿಂದ ಬರುವ ಪ್ರಮಾಣಪತ್ರ. ಇದಕ್ಕೆ ಸಾಮಾನ್ಯವಾಗಿ ಶುಲ್ಕ ಇರುತ್ತದೆ. ಮೂರನೆಯದು ಪದವಿ. ಅದನ್ನು ಕೊಡುವ ಅಧಿಕಾರ ಇರುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯಕ್ಕೆ ಅಥವಾ ಐಐಟಿಯಂಥ ಸಂಸ್ಥೆಗೆ ಮಾತ್ರ. ಒಂದೊಂದೇ ಉಚಿತ ಕೋರ್ಸಿನ 40 ಪ್ರಮಾಣಪತ್ರ ಕೂಡಿಹಾಕಿದರೂ ಅದು ತಾನಾಗಿಯೇ ಬಿ.ಕಾಂ. ಆಗುವುದಿಲ್ಲ.

ದೂರ ಶಿಕ್ಷಣವನ್ನು ಇದರ ಜೊತೆ ಬೆರೆಸಬಾರದು. 1985ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ), 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇವು ಪದವಿ ಕೊಡುವ ಸಂಸ್ಥೆಗಳು. ಅಲ್ಲಿ ಪ್ರವೇಶ ಇದೆ, ಶುಲ್ಕ ಇದೆ, ಕೊನೆಗೆ ಪದವಿ ಇದೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಯೂ ಇದೇ ಸಾಲಿನದು. ಪಾಠ ಆನ್‌ಲೈನ್, ಪರೀಕ್ಷೆ ಕೇಂದ್ರದಲ್ಲಿ, ಶುಲ್ಕ ಕಟ್ಟಬೇಕು. ಪಕ್ಕದ ಮನೆಯವರಿಗೆ ಬಂದ ಸಂದೇಶದಲ್ಲಿ ಇದ್ದದ್ದು ಇದಲ್ಲ. ಅದು ಒಂದು ವಿಷಯದ ಕೋರ್ಸ್, ಎಂಟು ವಾರದ್ದು.

ಇದು ಎಲ್ಲಿಂದ ಬಂತು?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ತನ್ನ ಪಾಠಗಳ ಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ಇಂಟರ್ನೆಟ್ಟಿನಲ್ಲಿ ಹಾಕುತ್ತೇವೆ ಎಂದು ಹೇಳಿತು. ನಮ್ಮ ದೇಶವೂ ಹಿಂದೆ ಬೀಳಲಿಲ್ಲ. 2003ರಲ್ಲೇ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟೆಲ್ ಶುರು ಮಾಡಿದವು. ತರಗತಿಯ ಪಾಠವನ್ನು ವಿಡಿಯೊ ಮಾಡಿ ಎಲ್ಲರಿಗೂ ಕೊಡುವ ಯೋಜನೆ ಅದು.

2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಒಂದು ಕೋರ್ಸಿಗೆ ಶುಲ್ಕ ಕಟ್ಟಿ ಸೇರಿದವರು 25 ಜನ. ಅದನ್ನು ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಾಗ ಇನ್ನೂ 2,000ಕ್ಕೂ ಹೆಚ್ಚು ಜನ ಉಚಿತವಾಗಿ ಸೇರಿಕೊಂಡರು. ಇಂಥ ಕೋರ್ಸಿಗೆ 'ಮೂಕ್' ಎಂಬ ಹೆಸರು ಬಂದದ್ದು ಆಗಲೇ. ಭಾರೀ ಸಂಖ್ಯೆಯ ಜನ ಒಟ್ಟಿಗೆ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸ್ ಎನ್ನುವುದರ ಚಿಕ್ಕ ರೂಪ ಅದು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸಿಗೆ ಸುಮಾರು 1,60,000 ಜನ ಹೆಸರು ಕೊಟ್ಟರು. ಮರುವರ್ಷ ಇಂಥ ಕೋರ್ಸುಗಳನ್ನು ಕೊಡುವ ವೇದಿಕೆಗಳಾದ ಕೋರ್ಸೆರಾ, ಎಡ್‌ಎಕ್ಸ್, ಯುಡಾಸಿಟಿ ಎಲ್ಲ ಒಟ್ಟಿಗೆ ಶುರುವಾದವು.

ಎಡ್‌ಎಕ್ಸ್‌ನ ಮೊದಲ ಕೋರ್ಸ್ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟುಗಳ ಬಗ್ಗೆ. ಮಂಗೋಲಿಯಾದ 15 ವರ್ಷದ ಹುಡುಗನೊಬ್ಬ ಅದರಲ್ಲಿ ಪೂರ್ತಿ ಅಂಕ ತೆಗೆದ. ಅವನ ಕಥೆ ಜಗತ್ತೆಲ್ಲ ಓಡಾಡಿತು, ಬಡ ದೇಶಗಳ ಮಕ್ಕಳಿಗೆಲ್ಲ ಇನ್ನು ದೊಡ್ಡ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು ಅನ್ನುವ ಆಸೆ ಹುಟ್ಟಿತು. ಅದೇ ಕೋರ್ಸಿಗೆ ಹೆಸರು ಕೊಟ್ಟವರು ಸುಮಾರು 1,55,000. ಪಾಸಾದವರು ಸುಮಾರು 7,000. ಈ ಎರಡನೆಯ ಲೆಕ್ಕ ಅಷ್ಟಾಗಿ ಓಡಾಡಲಿಲ್ಲ.

ಸ್ವಯಂ ಹೇಗೆ ನಡೆಯುತ್ತದೆ?

ಭಾರತದಲ್ಲಿ ಉಚಿತ ಕೋರ್ಸ್ ಅಂದಾಗ ಮೊದಲು ನೋಡಬೇಕಾದ್ದು 'ಸ್ವಯಂ'. ಕೇಂದ್ರ ಸರ್ಕಾರದ ಈ ವೇದಿಕೆ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಇದನ್ನು ಒಂದು ದೊಡ್ಡ ಸಂತೆ ಮಾಳ ಅಂದುಕೊಳ್ಳಿ. ಒಳಗೆ ಬೇರೆ ಬೇರೆ ಸಂಸ್ಥೆಗಳ ಅಂಗಡಿಗಳಿವೆ. ಎಂಜಿನಿಯರಿಂಗ್ ಕಡೆಯದನ್ನು ಎನ್‌ಪಿಟೆಲ್ ನೋಡಿಕೊಳ್ಳುತ್ತದೆ, ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನು ಐಐಎಂ ಬೆಂಗಳೂರು, ಶಾಲೆಯ ಪಾಠಗಳನ್ನು ಎನ್‌ಸಿಇಆರ್‌ಟಿ, ಹೀಗೆ.

ಸೇರಲು ಇಮೇಲ್ ಐಡಿ ಇದ್ದರೆ ಸಾಕು. ಅಂಕಪಟ್ಟಿ ಕೇಳುವುದಿಲ್ಲ, ವಯಸ್ಸಿನ ಮಿತಿ ಇಲ್ಲ. ಕೋರ್ಸುಗಳು ಮುಖ್ಯವಾಗಿ ಜನವರಿಯಲ್ಲಿ ಮತ್ತು ಜುಲೈಯಲ್ಲಿ ಶುರುವಾಗುತ್ತವೆ. ಪ್ರತಿ ವಾರ ಒಂದಷ್ಟು ವಿಡಿಯೊ ಬರುತ್ತದೆ, ಜೊತೆಗೆ ಒಂದು ಅಸೈನ್‌ಮೆಂಟ್, ಅದನ್ನು ಸಲ್ಲಿಸಲು ಕೊನೆಯ ದಿನ. ಸಂದೇಹ ಇದ್ದರೆ ಬರೆದು ಕೇಳಲು ಜಾಗ ಇರುತ್ತದೆ.

ಎನ್‌ಪಿಟೆಲ್‌ನಲ್ಲಿ ಅಂಕ ಹಾಕುವ ಕ್ರಮ ಹೀಗೆ: ವಾರವಾರದ ಅಸೈನ್‌ಮೆಂಟಿಗೆ 25, ಕೊನೆಯ ಪರೀಕ್ಷೆಗೆ 75. ಎರಡರಲ್ಲೂ ಕನಿಷ್ಠ ಅಂಕ ಬರಬೇಕು, ಅಸೈನ್‌ಮೆಂಟಿನಲ್ಲಿ 10 ಮತ್ತು ಪರೀಕ್ಷೆಯಲ್ಲಿ 30. ಪರೀಕ್ಷೆ ಬರೆಯಲೇಬೇಕು ಅಂತಿಲ್ಲ. ಸುಮ್ನೆ ಕಲಿಯಲು ಸೇರಿದವರು ಪಾಠ ಕೇಳಿ ಬಿಡಬಹುದು. ಪ್ರಮಾಣಪತ್ರ ಬೇಕಾದರೆ ಒಂದು ಕೋರ್ಸಿಗೆ 1,000 ರೂಪಾಯಿ ಪರೀಕ್ಷಾ ಶುಲ್ಕ ಕಟ್ಟಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅದರಲ್ಲಿ ರಿಯಾಯಿತಿ ಇದೆ.

ಈ ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ. ಕೇಂದ್ರಕ್ಕೇ ಹೋಗಬೇಕು, ಅಲ್ಲಿನ ಕಂಪ್ಯೂಟರಿನಲ್ಲಿ ಬರೆಯಬೇಕು. ನಮ್ಮ ಕಡೆಯವರು ಮೈಸೂರನ್ನೋ ಮಂಗಳೂರನ್ನೋ ಆರಿಸಿಕೊಳ್ಳುತ್ತಾರೆ. ಬೆಳಗಿನ ಪರೀಕ್ಷೆ 9 ಗಂಟೆಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ನಮ್ಮಲ್ಲಿ ರೈಲಿಲ್ಲ. ಹಾಗಾಗಿ ಕತ್ತಲಿರುವಾಗಲೇ ಬಸ್ ಹತ್ತಬೇಕು, ಇಲ್ಲವೇ ಹಿಂದಿನ ರಾತ್ರಿಯೇ ಹೋಗಿ ನೆಂಟರ ಮನೆಯಲ್ಲಿ ಉಳಿಯಬೇಕು. ಒಳ ಊರಿನಿಂದ ಮುಖ್ಯ ರಸ್ತೆಗೆ ಬರುವುದೇ ಒಂದು ಸಾಹಸ, ಅದರಲ್ಲೂ ಆನೆ ಓಡಾಡುವ ಕಡೆ ಬೆಳಗಿನ ಜಾವ ಯಾರೂ ಮಕ್ಕಳನ್ನು ಒಂಟಿಯಾಗಿ ಕಳಿಸುವುದಿಲ್ಲ. 'ಶಕ್ತಿ' ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ಉಳಿದಿದೆ. ಉಳಿದ ಖರ್ಚು ಉಳಿದೇ ಇದೆ.

ಶುಲ್ಕ ಕಟ್ಟಿಸಿಕೊಳ್ಳುವುದು ಯಾಕೆ, ಪಾಠ ಉಚಿತ ಅಲ್ವಾ ಅಂತ ಕೇಳುವವರಿದ್ದಾರೆ. ವಿಡಿಯೊ ಒಮ್ಮೆ ಮಾಡಿದರೆ ಹತ್ತು ಜನ ನೋಡಲಿ, ಹತ್ತು ಲಕ್ಷ ಜನ ನೋಡಲಿ, ಖರ್ಚು ಹೆಚ್ಚೇನೂ ಏರುವುದಿಲ್ಲ. ಪರೀಕ್ಷೆ ಹಾಗಲ್ಲ. ಪ್ರತಿಯೊಬ್ಬರಿಗೂ ಒಂದು ಕುರ್ಚಿ, ಒಂದು ಕಂಪ್ಯೂಟರ್, ನೋಡಿಕೊಳ್ಳಲು ಒಬ್ಬರು ಬೇಕು. ಜಗತ್ತಿನ ಎಲ್ಲ ಕಡೆ ಈ ಲೆಕ್ಕ ಒಂದೇ. 2009ರಲ್ಲಿ ಶುರುವಾದ 'ಯುನಿವರ್ಸಿಟಿ ಆಫ್ ದಿ ಪೀಪಲ್' ಬೋಧನಾ ಶುಲ್ಕ ಇಲ್ಲದೆ ಆನ್‌ಲೈನಿನಲ್ಲಿ ಪದವಿಯನ್ನೇ ಕೊಡುತ್ತದೆ. ಅಲ್ಲೂ ಪ್ರತಿ ಕೋರ್ಸಿನ ಮೌಲ್ಯಮಾಪನಕ್ಕೆ ಶುಲ್ಕ ಇದೆ.

ಕ್ರೆಡಿಟ್ ಎಂಬ ಪಾಸ್‌ಬುಕ್

ಉಚಿತ ಕೋರ್ಸಿಗೂ ಪದವಿಗೂ ನಡುವೆ ಒಂದು ಸೇತುವೆ ಇದೆ. ಅದರ ಹೆಸರು ಕ್ರೆಡಿಟ್. ಒಂದು ವಿಷಯ ಕಲಿಯಲು ಎಷ್ಟು ಹೊತ್ತು, ಎಷ್ಟು ಶ್ರಮ ಬೇಕು ಅನ್ನುವುದರ ಅಳತೆ ಅದು. ಎನ್‌ಪಿಟೆಲ್ ಲೆಕ್ಕದಲ್ಲಿ 4 ವಾರದ ಕೋರ್ಸಿಗೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3. ಪದವಿ ಅಂದರೆ ನಿಗದಿಯಾದಷ್ಟು ಕ್ರೆಡಿಟ್ ತುಂಬಿಸುವುದು.

ನೀವು ಯಾವುದೋ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೀರಿ ಅಂದುಕೊಳ್ಳಿ. ಅಲ್ಲಿ ಮನಃಶಾಸ್ತ್ರದ ಮೇಷ್ಟ್ರಿಲ್ಲ, ನಿಮಗೆ ಅದೇ ಬೇಕು. ಆಗ ಸ್ವಯಂನಲ್ಲಿ ಆ ವಿಷಯ ಓದಿ, ಪರೀಕ್ಷೆ ಪಾಸಾಗಿ, ಆ ಕ್ರೆಡಿಟ್ಟನ್ನು ನಿಮ್ಮ ಬಿ.ಎ. ಲೆಕ್ಕಕ್ಕೆ ಹಾಕಿಸಬಹುದು. 2016ರಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಇದಕ್ಕೆ 20% ಮಿತಿ ಇಟ್ಟಿತ್ತು. 2021ರಲ್ಲಿ ಅದನ್ನು 40%ಕ್ಕೆ ಏರಿಸಿತು. ಅಂದರೆ ಒಂದು ಸೆಮಿಸ್ಟರಿನಲ್ಲಿ 5 ವಿಷಯ ಇದ್ದರೆ 2 ವಿಷಯದ ತನಕ ಹೀಗೆ ಓದಬಹುದು.

ಸಣ್ಣ ಕಾಲೇಜುಗಳೇ ಹೆಚ್ಚಿರುವ ನಮ್ಮಂಥ ಜಿಲ್ಲೆಗೆ ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ಉಪಯೋಗದ ಭಾಗ ಇದೇ. ಆದರೆ ಇದನ್ನು ಹೇಳಿಕೊಡುವವರು ಕಡಿಮೆ. ಕೋರ್ಸಿಗೆ ಸೇರುವ ಮೊದಲೇ ಕಾಲೇಜಿಗೆ ಹೋಗಿ, ಈ ಕೋರ್ಸಿನ ಕ್ರೆಡಿಟ್ ನಿಮ್ಮಲ್ಲಿ ಒಪ್ಪುತ್ತೀರಾ, ಯಾವ ವಿಷಯದ ಬದಲಿಗೆ ಒಪ್ಪುತ್ತೀರಾ ಎಂದು ಕೇಳಬೇಕು. ಸಾಧ್ಯವಾದರೆ ಬರೆಸಿಕೊಳ್ಳಬೇಕು. ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಒಪ್ಪಿಗೆ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಈ ಕ್ರೆಡಿಟ್ಟುಗಳನ್ನೆಲ್ಲ ಇಡಲು 2021ರ ಜುಲೈಯಲ್ಲಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಶುರುವಾಯಿತು. ಊರಿನ ಸಹಕಾರ ಸಂಘದ ಪಾಸ್‌ಬುಕ್ ಇದ್ದ ಹಾಗೆ. ಎಲ್ಲಿ ಗಳಿಸಿದರೂ ನಿಮ್ಮ ಹೆಸರಿನ ಖಾತೆಗೆ ಬಂದು ಬೀಳುತ್ತದೆ. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು. ಓದು ಅರ್ಧಕ್ಕೆ ನಿಂತರೂ ಗಳಿಸಿದ ಕ್ರೆಡಿಟ್ ಸಾಮಾನ್ಯವಾಗಿ 7 ವರ್ಷದ ತನಕ ಉಳಿಯುತ್ತದೆ. ಮದುವೆಯಾಗಿ ಓದು ಬಿಟ್ಟವರಿಗೆ, ತೋಟದ ಕೆಲಸಕ್ಕೆ ಮನೆಗೆ ಬಂದು ಕಾಲೇಜಿಗೆ ವಾಪಸ್ ಹೋಗದವರಿಗೆ ಈ 7 ವರ್ಷ ದೊಡ್ಡದು.

ಸೇರುವವರು ಸಾವಿರ, ಮುಗಿಸುವವರು ಎಷ್ಟು?

ಚೆರಿ ಕಾಫಿ ಮಾರಿದವರಿಗೆಲ್ಲ 'ಔಟ್‌ಟರ್ನ್' ಅಂದರೇನು ಅಂತ ಗೊತ್ತು. 50 ಕೆ.ಜಿ. ಮೂಟೆಯ ಸಿಪ್ಪೆ ತೆಗೆದಾಗ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವುದು. ಬೆಲೆ ನಿಲ್ಲುವುದು ಮೂಟೆಯ ಗಾತ್ರದ ಮೇಲಲ್ಲ, ಈ ಔಟ್‌ಟರ್ನ್ ಮೇಲೆ. ಆನ್‌ಲೈನ್ ಕೋರ್ಸುಗಳ ಬಗ್ಗೆ "ಇಷ್ಟು ಲಕ್ಷ ಜನ ಸೇರಿದ್ದಾರೆ" ಅಂತ ಓದಿದಾಗಲೂ ಔಟ್‌ಟರ್ನ್ ಕೇಳಬೇಕು.

ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್ ಮೂಲಕ ಕೊಟ್ಟ ಕೋರ್ಸುಗಳ ಆರು ವರ್ಷದ ಲೆಕ್ಕವನ್ನು ಇಬ್ಬರು ಸಂಶೋಧಕರು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 56 ಲಕ್ಷ ಕಲಿಯುವವರ ಲೆಕ್ಕ ಅದು. 2017–18ರಲ್ಲಿ ಹೆಸರು ಕೊಟ್ಟವರಲ್ಲಿ ಕೋರ್ಸ್ ಮುಗಿಸಿದವರು 100ಕ್ಕೆ ಸುಮಾರು 3 ಜನ. ಅದೇ ಪ್ರಮಾಣಪತ್ರಕ್ಕಾಗಿ ದುಡ್ಡು ಕಟ್ಟಿದವರನ್ನು ಮಾತ್ರ ನೋಡಿದರೆ 100ಕ್ಕೆ 46.

3 ಅನ್ನುವ ಅಂಕಿ ನೋಡಿ ಗಾಬರಿಯಾಗುವುದು ಬೇಡ. ಗ್ರಂಥಾಲಯಕ್ಕೆ ಹೋದವರೆಲ್ಲ ಪುಸ್ತಕವನ್ನು ಕೊನೆಯ ಪುಟದ ತನಕ ಓದುವುದಿಲ್ಲ. ಹಾಗೆಯೇ ಉಚಿತ ಅಂತ ಹೆಸರು ಕೊಟ್ಟು ಮರೆತವರು, ಒಂದು ಅಧ್ಯಾಯ ಸಾಕು ಅಂದವರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ಆದರೆ ನಿಜವಾಗಿ ಮುಗಿಸಬೇಕೆಂದು ಕೂತವರೂ ಮಧ್ಯದಲ್ಲಿ ಬಿಡುತ್ತಾರೆ. ಯಾಕೆ? ಕಾಲೇಜಿನಲ್ಲಿ ಬೆಲ್ ಹೊಡೆಯುತ್ತದೆ, ಪಕ್ಕದಲ್ಲಿ ಗೆಳತಿ ಕೂತಿರುತ್ತಾಳೆ, ಮೇಷ್ಟ್ರು ಹೆಸರು ಹಿಡಿದು ಕೇಳುತ್ತಾರೆ. ಮನೆಯಲ್ಲಿ ಇದಾವುದೂ ಇಲ್ಲ. ಓದುತ್ತಿದ್ದಾಳೆ ಅಂತ ಮನೆಯವರಿಗೆ ಅನ್ನಿಸುವುದೂ ಇಲ್ಲ, ಫೋನ್ ನೋಡುತ್ತಿದ್ದಾಳೆ ಅಂತ ಅನ್ನಿಸುತ್ತದೆ. ಡಿಸೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ಕಣದಲ್ಲಿ ಹರಡಿದ ಕಾಫಿ ನೋಡಿಕೊಳ್ಳಲು ಮನೆಯಲ್ಲಿರುವವರನ್ನೇ ಕರೆಯುತ್ತಾರೆ. ಜನವರಿಯ ಕೋರ್ಸ್ ಶುರುವಾಗುವುದೂ ಅದೇ ಹೊತ್ತಿಗೆ.

ಬಡ ದೇಶಗಳಿಗೆ ನಿಜಕ್ಕೂ ಉಪಯೋಗವಾಯಿತೇ?

ಭಾರತದಲ್ಲಿ 18ರಿಂದ 23 ವಯಸ್ಸಿನ 100 ಜನರಿಗೆ ಉನ್ನತ ಶಿಕ್ಷಣಕ್ಕೆ ಸೇರಿರುವವರು ಸುಮಾರು 28. ಇದು 2021–22ರ ಅಖಿಲ ಭಾರತ ಸಮೀಕ್ಷೆಯ ಅಂಕಿ. 2035ರ ಹೊತ್ತಿಗೆ ಇದನ್ನು 50ಕ್ಕೆ ಏರಿಸುವ ಗುರಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯದು. ಅಷ್ಟು ಜನರಿಗೆ ಕಟ್ಟಡ, ಮೇಷ್ಟ್ರು, ಹಾಸ್ಟೆಲ್ ಒದಗಿಸುವುದು ಕಷ್ಟ. ಅದಕ್ಕೇ ಸರ್ಕಾರಗಳ ಕಣ್ಣು ಆನ್‌ಲೈನ್ ಮೇಲೆ.

ಆದರೆ ಮೊದಲ ವರ್ಷಗಳ ಅನುಭವ ಬೇರೆಯೇ ಹೇಳಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2013ರಲ್ಲಿ ತನ್ನ ಕೋರ್ಸೆರಾ ವಿದ್ಯಾರ್ಥಿಗಳನ್ನು ಕೇಳಿ ನೋಡಿತು. ಉತ್ತರ ಕೊಟ್ಟವರಲ್ಲಿ 80%ಕ್ಕೂ ಹೆಚ್ಚು ಜನರಿಗೆ ಆಗಲೇ ಪದವಿ ಇತ್ತು. ಭಾರತ, ಚೀನಾ, ಬ್ರೆಜಿಲ್‌ನಂಥ ದೇಶಗಳಿಂದ ಸೇರಿದವರಲ್ಲೂ ಹೆಚ್ಚಿನವರು ಆ ದೇಶಗಳ ಅನುಕೂಲಸ್ಥರೇ. ಬಾಯಾರಿದವರಿಗೆಂದು ತೋಡಿದ ಬಾವಿಯ ಹತ್ತಿರ ಮೊದಲು ಬಂದು ನಿಂತವರು ಕೊಡ, ಹಗ್ಗ ಎರಡೂ ಇದ್ದವರು.

ಇನ್ನೊಂದು ಕಡೆಯ ಮಾತೂ ಇದೆ. ಕೊಲಂಬಿಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಾಗಳಲ್ಲಿ ಯುವಜನರ ನಡುವೆ ನಡೆದು 2016ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ ಕೋರ್ಸ್ ತೆಗೆದುಕೊಂಡವರಲ್ಲಿ ಹೆಚ್ಚಿನವರು ಕಡಿಮೆ ಮತ್ತು ಮಧ್ಯಮ ಆದಾಯದವರೇ ಆಗಿದ್ದರು. ಅವರಲ್ಲಿ ಅರ್ಧದಷ್ಟು ಜನ ಪ್ರಮಾಣಪತ್ರ ಪಡೆದೆವು ಅಂದರು. ತೆಗೆದುಕೊಳ್ಳದವರಲ್ಲಿ ಬಹುಪಾಲು ಜನರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ರುವಾಂಡದ ಕಥೆ ನನಗೆ ತುಂಬ ಹಿಡಿಸಿದ್ದು. ಆ ದೇಶದ ರಾಜಧಾನಿ ಕಿಗಾಲಿಯಲ್ಲಿ 2013ರಲ್ಲಿ 'ಕೆಪ್ಲರ್' ಎಂಬ ಸಂಸ್ಥೆ ಶುರುವಾಯಿತು. ಅಲ್ಲಿ ಪಾಠ ಆನ್‌ಲೈನಿನದು, ಆದರೆ ವಿದ್ಯಾರ್ಥಿಗಳು ಒಂದೇ ಕಡೆ ಸೇರಿ ಕಲಿಯುತ್ತಾರೆ. ಕಲಿಸಿಕೊಡಲು ಎದುರಿಗೆ ಒಬ್ಬರು ಇರುತ್ತಾರೆ. ಪದವಿಯನ್ನು ಅಮೆರಿಕದ ಒಂದು ಮಾನ್ಯ ವಿಶ್ವವಿದ್ಯಾಲಯದ ಜೊತೆ ಸೇರಿ ಕೊಡಿಸುವ ವ್ಯವಸ್ಥೆ ಮಾಡಿಕೊಂಡರು. ಪಾಠ ಎಲ್ಲಿಂದಲೋ ಬರಲಿ, ಪಕ್ಕದಲ್ಲಿ ಮನುಷ್ಯರು ಇರಲಿ, ಕೊನೆಗೆ ಕೈಯಲ್ಲಿ ಪದವಿಯೂ ಇರಲಿ ಅನ್ನುವ ಯೋಚನೆ. ಒಂದು ಹೋಬಳಿಯ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಸಂಜೆ ಐದಾರು ಮಕ್ಕಳು ಕೂತು ಒಂದೇ ಕೋರ್ಸ್ ಓದುವುದಕ್ಕೆ ನಮ್ಮಲ್ಲೂ ಹೊಸ ಕಟ್ಟಡವೇನೂ ಬೇಕಾಗಿಲ್ಲ.

ಮಳೆ, ನೆಟ್‌ವರ್ಕ್, ಭಾಷೆ

2021ರಲ್ಲಿ ಕೋವಿಡ್ ಹೊತ್ತಿಗೆ ಶನಿವಾರಸಂತೆ ಕಡೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿ, ಅಲ್ಲಿ ಸಿಗುವ ಸಿಗ್ನಲ್ ಹಿಡಿದು ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದ್ದು ಸುದ್ದಿಯಾಗಿತ್ತು. ಆನೆ ಕಾಯಲು ಕಟ್ಟುವಂಥ ಅಟ್ಟಣೆ ತರಗತಿಯಾಯಿತು. ನಮ್ಮ ಬೆಟ್ಟದ ಸಂದುಗಳಲ್ಲಿ ಇಂದಿಗೂ ಎಷ್ಟೋ ಮನೆಗಳಿಗೆ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ನೆಟ್ ಬರುತ್ತದೆ. ಜೂನ್–ಜುಲೈ ಗಾಳಿ ಮಳೆಗೆ ಮರ ಬಿದ್ದರೆ ಕರೆಂಟು ದಿನಗಟ್ಟಲೆ ಇಲ್ಲ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಂತೂ ಮನೆಗೊಂದೇ ಫೋನ್, ಅದೂ ಕೆಲಸಕ್ಕೆ ಹೋದವರ ಕಿಸೆಯಲ್ಲಿ.

ಡೇಟಾ ಲೆಕ್ಕ ಹಾಕೋಣ. 12 ವಾರದ ಎನ್‌ಪಿಟೆಲ್ ಕೋರ್ಸ್ ಅಂದರೆ ಸುಮಾರು 30 ಗಂಟೆ ವಿಡಿಯೊ. ಕಡಿಮೆ ಗುಣಮಟ್ಟದಲ್ಲಿ ಗಂಟೆಗೆ 300 ಎಂಬಿ ಹಿಡಿದರೂ ಒಟ್ಟು 9 ಜಿಬಿ. ಪೇಟೆಗೆ ಹೋದಾಗ ಒಂದು ವಾರದ ಪಾಠ ಡೌನ್‌ಲೋಡ್ ಮಾಡಿಕೊಂಡು ಬಂದರೆ ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಅಸೈನ್‌ಮೆಂಟ್ ಸಲ್ಲಿಸಲು ಹೆಚ್ಚು ಡೇಟಾ ಬೇಡ. ನೆಟ್ಟೇ ಇಲ್ಲದವರಿಗೆ 'ಸ್ವಯಂ ಪ್ರಭಾ' ಟಿವಿ ವಾಹಿನಿಗಳಿವೆ, ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತವೆ. ದಿನಕ್ಕೆ ಕನಿಷ್ಠ 4 ಗಂಟೆ ಹೊಸ ಪಾಠ ಹಾಕಿ, ಅದನ್ನೇ ದಿನದಲ್ಲಿ ಮತ್ತೆ 5 ಸಲ ತೋರಿಸುವ ಕ್ರಮ ಅಲ್ಲಿಯದು. ಜೋರು ಮಳೆಗೆ ಡಿಶ್ ಸಿಗ್ನಲ್ಲೂ ಹೋಗುತ್ತದೆ, ಆದರೆ ಬೆಳಿಗ್ಗೆ ತಪ್ಪಿದ್ದು ರಾತ್ರಿ ಸಿಗುತ್ತದೆ.

ಭಾಷೆ ಇದಕ್ಕಿಂತ ಗಟ್ಟಿ ಗೋಡೆ. ಹೆಚ್ಚಿನ ಪಾಠ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ಮಗುವಿಗೆ ಇಂಗ್ಲಿಷ್ ಮೂರನೆಯ ಮೆಟ್ಟಿಲು. ಎನ್‌ಪಿಟೆಲ್ ಒಂದಷ್ಟು ಕೋರ್ಸುಗಳ ಪಾಠವನ್ನು ಬರಹ ರೂಪದಲ್ಲಿ ಕನ್ನಡಕ್ಕೂ ತಂದಿದೆ. ಖಾನ್ ಅಕಾಡೆಮಿ ಎಂಬ ಜಾಲತಾಣದ ಗಣಿತ ಕನ್ನಡದಲ್ಲೂ ಸಿಗುತ್ತದೆ, ಅದು ಪೂರ್ತಿ ಉಚಿತ. ಪಿಯುಸಿ ಲೆಕ್ಕ ಗಟ್ಟಿಯಿಲ್ಲದವರು ಅಲ್ಲಿಂದ ಶುರು ಮಾಡಿದರೆ ಒಳ್ಳೆಯದು.

ಪಕ್ಕದ ಮನೆಯ ಹುಡುಗಿ ಏನು ಮಾಡಿದಳು?

ಅವಳು ಹಾಸ್ಟೆಲಿಗೂ ಹೋಗಲಿಲ್ಲ, ಮನೆಯಲ್ಲೂ ಕೂರಲಿಲ್ಲ. ದಿನಾ ಹೋಗಿ ಬರುವಷ್ಟು ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಸೇರಿದಳು. ಜೊತೆಗೆ ಅಕೌಂಟೆನ್ಸಿಯ ಎಂಟು ವಾರದ ಒಂದೇ ಒಂದು ಕೋರ್ಸ್ ಆರಿಸಿಕೊಂಡಳು. ಪ್ರಮಾಣಪತ್ರಕ್ಕೆ ದುಡ್ಡು ಕಟ್ಟುವ ನಿರ್ಧಾರವನ್ನು ಮೂರು ವಾರ ಪಾಠ ಕೇಳಿದ ಮೇಲೆ ಮಾಡಿದಳು. ಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ಕೋರ್ಸ್ ಶುರುವಾದ ಮೇಲೆಯೇ ಬರುವುದರಿಂದ ಹೀಗೆ ಮಾಡಲು ಆಗುತ್ತದೆ.

ಒಂದು ಸಂಜೆ ಅವಳ ಪುಸ್ತಕ ನೋಡಿದೆ. ಪಾಠದ ಬರಹವನ್ನು ಪ್ರಿಂಟ್ ಹಾಕಿಸಿಕೊಂಡಿದ್ದಳು. ಡಿಪ್ರಿಸಿಯೇಶನ್ ಅಂತ ಇದ್ದ ಕಡೆ ಮೇಲೆ ಪೆನ್ಸಿಲಿನಲ್ಲಿ 'ಸವಕಳಿ', ಅದರ ಪಕ್ಕ ಚಿಕ್ಕದಾಗಿ 'ಅಪ್ಪನ ಜೀಪ್' ಅಂತ ಬರೆದಿದ್ದಳು. ಅಸೈನ್‌ಮೆಂಟಿಗೆ ಕೊನೆಯ ಹೊತ್ತು ಬುಧವಾರ ರಾತ್ರಿ 11.59. ಅವಳು ಸೋಮವಾರ ಸಂಜೆಯೇ ಕಾಲೇಜಿನಿಂದ ಬರುವಾಗ, ಸಿಗ್ನಲ್ ಇರುವ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಳಿಸಿಬಿಡುತ್ತಿದ್ದಳು. "ಬುಧವಾರ ಕರೆಂಟ್ ಇರುತ್ತೆ ಅಂತ ಏನು ಗ್ಯಾರಂಟಿ ಆಂಟಿ?" ಅಂದಳು.